ದಸ್ತಗಿರಿ ಮಾಡಿದ್ದು ಯಾಕೆ ಅಂತ ಬರೆದು ಕೊಡಿ

ಪೊಲೀಸರು ಮನೆಯಿಂದ ಒಬ್ಬರನ್ನು ಕರೆದುಕೊಂಡು ಹೋದರೆ ಮನೆಯವರ ಬಾಯಲ್ಲಿ ಬರುವುದು ಎರಡೇ ಪ್ರಶ್ನೆ. ಎಲ್ಲಿಟ್ಟಿದ್ದಾರೆ? ಯಾಕೆ ಹಿಡಿದರು? ಮೊದಲನೆಯದಕ್ಕೆ ಹೇಗೋ ಉತ್ತರ ಸಿಗುತ್ತದೆ. ಠಾಣೆಯ ಎದುರಿನ ಟೀ ಅಂಗಡಿಯವನಾದರೂ ಹೇಳುತ್ತಾನೆ. ಎರಡನೆಯದಕ್ಕೆ ಬಹಳ ಸಲ ಸಿಗುವುದು 'ವಿಚಾರಣೆ ಇದೆ, ನಾಳೆ ಕೋರ್ಟಿಗೆ ಬನ್ನಿ' ಅನ್ನುವ ಮಾತಷ್ಟೇ. ಒಳಗೆ ಕೂತವನಿಗೂ ಅದಕ್ಕಿಂತ ಜಾಸ್ತಿ ಗೊತ್ತಿರುವುದಿಲ್ಲ.

ಹಾಗೆ ಆಗಬಾರದು ಅಂತ ಸಂವಿಧಾನದಲ್ಲೇ ಬರೆದಿದೆ. 22(1)ನೇ ವಿಧಿ ನೋಡಿ. ಬಂಧಿಸಿದವನಿಗೆ ಆದಷ್ಟು ಬೇಗ ಬಂಧನದ ಆಧಾರಗಳನ್ನು ತಿಳಿಸಬೇಕು, ಅವನಿಗೆ ಬೇಕಾದ ವಕೀಲರ ಜೊತೆ ಮಾತಾಡಲು ಬಿಡಬೇಕು. ಅದರ ಪಕ್ಕದ 22(2) ನಮಗೆಲ್ಲ ಸಿನಿಮಾ ನೋಡಿಯೇ ಬಾಯಿಪಾಠ: 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಎರಡನೆಯದು ಊರಿಗೆಲ್ಲ ಗೊತ್ತು. ಮೊದಲನೆಯದನ್ನು ದಶಕಗಟ್ಟಲೆ ಯಾರೂ ಅಷ್ಟು ಗಟ್ಟಿಯಾಗಿ ಓದಿರಲಿಲ್ಲ. 2023ರ ಅಕ್ಟೋಬರ್‌ನಿಂದ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಮತ್ತೆ ಓದುತ್ತಿದೆ. ಓದುವಾಗ ತಾನೇ ಒಂದೆರಡು ಕಡೆ ತಡವರಿಸಿದೆ ಕೂಡ. ನಡುವೆ ನಮ್ಮ ಕರ್ನಾಟಕದ ದೊಡ್ಡ ಕೇಸೊಂದು ಬಂದು ಹೋಗಿದೆ.

ಜಗಳವೆಲ್ಲ 'ತಿಳಿಸಬೇಕು' ಅನ್ನುವ ಒಂದು ಕ್ರಿಯಾಪದದ ಮೇಲೆ. ಬಾಯಲ್ಲಿ ಹೇಳಿದರೆ ಸಾಕಾ, ಬರೆದು ಕೊಡಬೇಕಾ?

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 50ನೇ ಸೆಕ್ಷನ್ ಈ ಬಗ್ಗೆ ಹೆಚ್ಚೇನೂ ಹೇಳಿರಲಿಲ್ಲ. ಅಪರಾಧದ ಪೂರ್ತಿ ವಿವರವನ್ನೋ ಬಂಧನದ ಬೇರೆ ಆಧಾರಗಳನ್ನೋ ಕೂಡಲೇ ತಿಳಿಸಬೇಕು, ಅಷ್ಟೇ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂತು. ಆನ್‌ಲೈನ್ ದೂರು ಬಂತು, ಶೋಧದ ವಿಡಿಯೋ ಬಂತು, ದೊಡ್ಡ ಕೇಸುಗಳಿಗೆ ಫೊರೆನ್ಸಿಕ್ ತಂಡ ಕಡ್ಡಾಯವಾಯಿತು. 50ನೇ ಸೆಕ್ಷನ್ ಮಾತ್ರ 47 ಅಂತ ನಂಬರ್ ಬದಲಿಸಿಕೊಂಡು ಹೆಚ್ಚು ಕಮ್ಮಿ ಹಾಗೇ ಕೂತಿತು. 'ಲಿಖಿತವಾಗಿ' ಅನ್ನುವ ಒಂದು ಪದವನ್ನು ಯಾರೂ ಸೇರಿಸಲಿಲ್ಲ. ಸಂಸತ್ತು ಆ ಮಸೂದೆಗೆ ಒಪ್ಪಿಗೆ ಕೊಟ್ಟಿದ್ದು 2023ರ ಡಿಸೆಂಬರ್‌ನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲೇ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಗಂಟೆ ಬಾರಿಸಿತ್ತು. ಮರೆತರೋ, ಬೇಡ ಅಂದುಕೊಂಡರೋ. ನನಗಂತೂ ಇದು ಮರೆವಿನ ಕೆಲಸ ಅಂತ ಅನ್ನಿಸುವುದಿಲ್ಲ.

ಆ ಗಂಟೆ ಬಾರಿಸಿದ್ದು 2023ರ ಅಕ್ಟೋಬರ್ 3ರಂದು, ಪಂಕಜ್ ಬನ್ಸಲ್ ಪ್ರಕರಣದಲ್ಲಿ. ನ್ಯಾಯಮೂರ್ತಿಗಳಾದ ಎ.ಎಸ್. ಬೋಪಣ್ಣ ಮತ್ತು ಸಂಜಯ್ ಕುಮಾರ್ ಅವರ ಪೀಠ. ಬೋಪಣ್ಣನವರು ನಮ್ಮ ಕೊಡಗಿನವರು, ಇದು ಸುಮ್ನೆ ನೆನಪಿಗೆ ಹೇಳಿದೆ. ಅದು ಜಾರಿ ನಿರ್ದೇಶನಾಲಯ, ನಮ್ಮ ಬಾಯಲ್ಲಿ ಇ.ಡಿ., ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ ಮಾಡಿದ ಬಂಧನ. ಆಧಾರಗಳನ್ನು ಓದಿ ಹೇಳಿದ್ದೇವೆ ಅಂದಿತು ಇ.ಡಿ. ಆರೋಪಿಗಳು ಇಲ್ಲ ಅಂದರು. ಈಗ ಯಾರ ಮಾತು ನಂಬುವುದು? ಕೋರ್ಟ್ ಕಂಡುಕೊಂಡ ದಾರಿ ಸರಳ. ಕಾಗದ ಕೊಟ್ಟುಬಿಡಿ, ಈ ಜಗಳವೇ ಇರುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನೂ ಕೋರ್ಟ್ ಹೇಳಿತು. ಆ ಕಾಯ್ದೆಯಲ್ಲಿ ಜಾಮೀನು ಬೇಕಾದರೆ ಆರೋಪಿಯೇ 'ನಾನು ತಪ್ಪು ಮಾಡಿಲ್ಲ' ಅಂತ ಕೋರ್ಟಿಗೆ ಮೇಲ್ನೋಟಕ್ಕಾದರೂ ನಂಬಿಕೆ ಬರುವ ಹಾಗೆ ಮಾಡಬೇಕು. ಯಾವ ತಪ್ಪು ಅಂತಲೇ ಕೈಯಲ್ಲಿ ಕಾಗದ ಇಲ್ಲದಿದ್ದರೆ ಏನಂತ ಹೇಳುವುದು? ಬಂಧನದ ಗಾಬರಿಯಲ್ಲಿರುವವನಿಗೆ ಪುಟಗಟ್ಟಲೆ ಓದಿ ಹೇಳಿದರೆ ಅವನಿಗೆ ಎಷ್ಟು ನೆನಪಿರುತ್ತದೆ?

ಅದೇ ಅಕ್ಟೋಬರ್ 3ರಂದೇ ದೆಹಲಿ ಪೊಲೀಸರು ಸುದ್ದಿತಾಣ ನ್ಯೂಸ್‌ಕ್ಲಿಕ್ ಸಂಸ್ಥಾಪಕ ಪ್ರಬೀರ್ ಪುರ್ಕಾಯಸ್ಥ ಅವರನ್ನು ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಡಿ ಬಂಧಿಸಿದ್ದು. ಮಾರನೆ ದಿನ ಬೆಳಗಿನ ಜಾವವೇ ಅವರನ್ನು ನ್ಯಾಯಾಧೀಶರ ಮನೆಗೆ ಕರೆದುಕೊಂಡು ಹೋಗಿ ಪೊಲೀಸ್ ಕಸ್ಟಡಿ ಪಡೆದರು. ಅವರ ವಕೀಲರಿಗೆ ರಿಮ್ಯಾಂಡ್ ಅರ್ಜಿ, ಅಂದರೆ ಕಸ್ಟಡಿಗೆ ಕೊಡಿ ಅಂತ ಪೊಲೀಸರು ಹಾಕುವ ಅರ್ಜಿ, ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಆದೇಶ ಆಗಿಹೋಗಿತ್ತು. 24 ಗಂಟೆಯ ನಿಯಮ ಪಾಲನೆಯಾಯಿತಾ? ಆಯಿತು. ಹೊತ್ತಿಗೆ ಮುಂಚೆಯೇ ಆಯಿತು. ಆದರೆ ಆ ನಿಯಮ ಇರುವುದು ಯಾಕೆ ಅನ್ನುವುದೇ ಅಲ್ಲಿ ಸತ್ತುಹೋಗಿತ್ತು. 2024ರ ಮೇ 15ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಸಂದೀಪ್ ಮೆಹ್ತಾ ಆ ಬಂಧನವನ್ನೂ ರಿಮ್ಯಾಂಡನ್ನೂ ರದ್ದು ಮಾಡಿದರು.

ಆ ತೀರ್ಪಿನಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಿದ್ದಾರೆ. ಇಡೀ ವಿಷಯಕ್ಕೆ ಅದೇ ಬೀಗದ ಕೈ ಅಂತ ನನ್ನ ಲೆಕ್ಕ. ಬಂಧನದ 'ಕಾರಣ' ಬೇರೆ, ಬಂಧನದ 'ಆಧಾರ' ಬೇರೆ. ಇಲ್ಲಿ ಆಧಾರ ಅಂದರೆ ಆಧಾರ್ ಕಾರ್ಡ್ ಅಲ್ಲ ಮತ್ತೆ. ಕೋರ್ಟ್ ಹಾಲಿನಲ್ಲಿ ವಕೀಲರು 'ಗ್ರೌಂಡ್ಸ್ ಕೊಟ್ಟಿಲ್ಲ ಸ್ವಾಮಿ' ಅನ್ನುತ್ತಾರಲ್ಲ, ಅದು.

ಒಂದು ಉದಾಹರಣೆ ಕಟ್ಟಿ ನೋಡೋಣ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಹುಡುಗ. ಹೆಸರು ಬಸವರಾಜ ಅಂತಿಟ್ಟುಕೊಳ್ಳಿ. ಕಟ್ಟಡದ ಸ್ಟೋರ್ ರೂಮಿನಿಂದ ತಾಮ್ರದ ವೈರ್ ಕಳುವಾಗಿದೆ. ಅವನ ಕೈಗೆ ಹೀಗೊಂದು ಹಾಳೆ ಬರುತ್ತದೆ: 'ಸದರಿ ಆರೋಪಿಯು ಇದೇ ರೀತಿಯ ಕೃತ್ಯವನ್ನು ಮುಂದುವರಿಸುವ ಸಾಧ್ಯತೆ ಇರುವುದರಿಂದ, ಸಾಕ್ಷಿಗಳಿಗೆ ಬೆದರಿಕೆ ಹಾಕುವ ಹಾಗೂ ಸಾಕ್ಷ್ಯ ನಾಶಪಡಿಸುವ ಸಾಧ್ಯತೆ ಇರುವುದರಿಂದ, ತನಿಖೆಗೆ ಅವಶ್ಯವಿರುವುದರಿಂದ ದಸ್ತಗಿರಿ ಮಾಡಲಾಗಿದೆ.' ಇದು ಕಾರಣ. ಇದರಲ್ಲಿ ಬಸವರಾಜ ಎಲ್ಲೂ ಇಲ್ಲ. ಹೆಸರು ತೆಗೆದು ನಿಮ್ಮ ಹೆಸರು ಹಾಕಿ, ನನ್ನ ಹೆಸರು ಹಾಕಿ, ಹೊಂದುತ್ತದೆ. ಕಾನೂನಿನಲ್ಲಿರುವ ಪಟ್ಟಿಯನ್ನೇ ಇಳಿಸಿಕೊಂಡಿದ್ದು ಅದು.

ಇನ್ನೊಂದು ಹಾಳೆ ಹೀಗಿದೆ ಅಂತಿಟ್ಟುಕೊಳ್ಳಿ: '12ನೇ ತಾರೀಕು ರಾತ್ರಿ 11-30ರ ಸುಮಾರಿಗೆ ಸ್ಟೋರ್ ರೂಮಿನ ಬೀಗ ಒಡೆದು 8 ಬಂಡಲ್ ತಾಮ್ರದ ವೈರ್ ತೆಗೆದುಕೊಂಡು ಹೋಗಿರುತ್ತಾರೆ. ಆ ಹೊತ್ತಿನಲ್ಲಿ ನಿಮ್ಮನ್ನು ಹಿಂಬದಿ ಗೇಟಿನ ಹತ್ತಿರ ನೋಡಿದ್ದಾಗಿ ವಾಚ್‌ಮನ್ ಹೇಳಿಕೆ ಕೊಟ್ಟಿದ್ದಾರೆ. 2 ಬಂಡಲ್ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು, ಮಾರಿದವರು ನೀವೇ ಎಂದು ಅಂಗಡಿಯವರು ತಿಳಿಸಿದ್ದಾರೆ.' ಇದು ಆಧಾರ. ಇದನ್ನು ಓದಿದ ಕೂಡಲೇ ಬಸವರಾಜ ಬಾಯಿಬಿಡಬಹುದು: 'ಸಾರ್, 12ಕ್ಕೆ ನಾನು ಊರಲ್ಲಿದ್ದೆ, ಬಸ್ ಟಿಕೆಟ್ ಪ್ಯಾಂಟ್ ಜೇಬಲ್ಲೇ ಇದೆ.' ಮೊದಲ ಹಾಳೆ ಓದಿ ಅವನು ಏನು ಹೇಳಬಹುದು? 'ನಾನು ಯಾರಿಗೂ ಬೆದರಿಕೆ ಹಾಕಲ್ಲ' ಅಂತಲಾ?

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕಳ್ಳತನಕ್ಕೆ ಇರುವ ಶಿಕ್ಷೆ ಸಾಮಾನ್ಯವಾಗಿ 7 ವರ್ಷದ ಒಳಗೆ. ಅಂಥ ಕೇಸುಗಳಲ್ಲಿ ಕೇಸು ಬಿತ್ತು ಅಂತ ಹಿಡಿದು ಒಳಗೆ ಹಾಕುವ ಹಾಗಿಲ್ಲ, ಬಂಧನ ಯಾಕೆ ಅನಿವಾರ್ಯ ಅಂತ ತೋರಿಸಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿ ಹತ್ತು ವರ್ಷ ದಾಟಿತು. ಬೇಡದಿದ್ದರೆ ಬಿಎನ್‌ಎಸ್‌ಎಸ್ 35(3)ರಲ್ಲಿ ನೋಟಿಸ್ ಕೊಟ್ಟು ಕರೆಸಿ. ಆ ನೋಟಿಸನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬಿಸಾಕುವ ಹಾಗಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬಸವರಾಜನಂಥವನ ವಿಷಯದಲ್ಲಿ ಎರಡೂ ಬೇಕು. ಹೊರಗೆ ಬಿಟ್ಟರೆ ಏನು ಕಷ್ಟ ಅನ್ನುವ ಕಾರಣ, ಮತ್ತು ಇವನೇ ಮಾಡಿದ್ದಾನೆ ಅಂತ ಯಾಕೆ ಅನುಮಾನ ಅನ್ನುವ ಆಧಾರ. ಒಂದನ್ನು ಬರೆದು ಎರಡೂ ಆಯಿತು ಅನ್ನುವುದು ಠಾಣೆಗಳಲ್ಲಿ ಬೇರೂರಿದ ಅಭ್ಯಾಸ.

ಪಂಕಜ್ ಬನ್ಸಲ್, ಪುರ್ಕಾಯಸ್ಥ ಇಬ್ಬರದೂ ವಿಶೇಷ ಕಾಯ್ದೆಗಳ ಕೇಸು. ಕಳ್ಳತನ, ಹೊಡೆದಾಟ, ಕೊಲೆಯಂಥ ಸಾಮಾನ್ಯ ಕೇಸುಗಳ ಗತಿ ಏನು? ಅದರ ಮೊದಲ ಉತ್ತರ 2025ರ ಫೆಬ್ರವರಿ 7ರಂದು ಬಂತು, ಹರಿಯಾಣದ ಒಂದು ಪ್ರಕರಣದಲ್ಲಿ. ಅಲ್ಲಿ ಬಂಧಿತನನ್ನು ರೋಹ್ಟಕ್‌ನ ಆಸ್ಪತ್ರೆಯಲ್ಲಿ ಕೈಕೋಳ ಹಾಕಿ ಮಂಚಕ್ಕೆ ಸರಪಳಿಯಿಂದ ಕಟ್ಟಿದ್ದರು. ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಎನ್. ಕೋಟೀಶ್ವರ್ ಸಿಂಗ್ ಮೂರು ಮಾತು ಹೇಳಿದರು. ಆಧಾರ ತಿಳಿಸುವುದು ಎಲ್ಲ ಕೇಸಿನಲ್ಲೂ ಕಡ್ಡಾಯ. ತಿಳಿಸಿದ್ದೇವೆ ಅಂತ ಸಾಬೀತು ಮಾಡುವ ಹೊರೆ ಪೊಲೀಸರದು. ಆಮೇಲೆ ಚಾರ್ಜ್‌ಶೀಟ್ ಹಾಕಿದರೆ ಹಳೆಯ ತಪ್ಪು ತೊಳೆದುಹೋಗುವುದಿಲ್ಲ. ಆದರೆ 'ಬರೆದೇ ಕೊಡಬೇಕಾ' ಅನ್ನುವಲ್ಲಿ ಮಾತ್ರ ಸ್ವಲ್ಪ ಹಿಂದೆ ಸರಿದರು. ಬರೆದು ಕೊಡುವುದೇ ಒಳ್ಳೆಯದು ಅಂದರು, ಕಡ್ಡಾಯ ಅನ್ನಲಿಲ್ಲ.

ಅಲ್ಲಿಗೆ ನಮ್ಮ ರಾಜ್ಯದ ಕೇಸಿಗೆ ಬರಬೇಕು.

ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಅವರನ್ನು 2024ರ ಜೂನ್ 11ರಂದು ಬಂಧಿಸಿದ್ದು ಕನ್ನಡಿಗರಿಗೆ ಯಾರಿಗೂ ಹೇಳಬೇಕಾಗಿಲ್ಲ. ಆರೋಪ ನಿಜವೋ ಸುಳ್ಳೋ ಅನ್ನುವುದನ್ನು ವಿಚಾರಣಾ ನ್ಯಾಯಾಲಯ ನೋಡಿಕೊಳ್ಳುತ್ತದೆ, ಇಲ್ಲಿ ಅದು ಬೇಡ. 2024ರ ಡಿಸೆಂಬರ್ 13ರಂದು ಕರ್ನಾಟಕ ಹೈಕೋರ್ಟ್ ಅವರಿಗೂ ಇನ್ನು ಕೆಲವರಿಗೂ ಜಾಮೀನು ಕೊಟ್ಟಿತು. ಕೊಟ್ಟ ಕಾರಣಗಳಲ್ಲಿ ಒಂದು ಇದೇ: ಬಂಧನದ ಆಧಾರಗಳನ್ನು ಕೂಡಲೇ ಬರಹದಲ್ಲಿ ಕೊಟ್ಟಿಲ್ಲ. ಟಿವಿ ಚರ್ಚೆಗಳಲ್ಲಿ ದರ್ಶನ್ ಅವರ ಬೆನ್ನುನೋವಿನದೇ ಮಾತು. ಈ ಹಾಳೆಯ ವಿಷಯವನ್ನು ಕೇಳಿದವರು ಕಡಿಮೆ.

ರಾಜ್ಯ ಸರ್ಕಾರ ಮೇಲ್ಮನವಿ ಹೋಯಿತು. 2025ರ ಆಗಸ್ಟ್ 14ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಏಳೂ ಜನರ ಜಾಮೀನು ರದ್ದು ಮಾಡಿದರು. ರದ್ದತಿಗೆ ಬೇರೆ ಗಟ್ಟಿ ಕಾರಣಗಳಿದ್ದವು. ಹೈಕೋರ್ಟ್ ಜಾಮೀನಿನ ಹಂತದಲ್ಲೇ ಸಾಕ್ಷ್ಯವನ್ನು ತೂಗಿ ನೋಡಿದೆ ಅನ್ನುವುದು ಅದರಲ್ಲಿ ದೊಡ್ಡದು. ಅದರ ಬಗ್ಗೆ ನನ್ನ ತಕರಾರಿಲ್ಲ. ನನಗೆ ಮುಳ್ಳಿನಂತೆ ಚುಚ್ಚುವುದು ಹಾಳೆಯ ಬಗ್ಗೆ ಅವರು ಹೇಳಿದ್ದು. ಬರಹದಲ್ಲಿ ಆಧಾರ ಕೊಟ್ಟಿಲ್ಲ ಅಂದ ಮಾತ್ರಕ್ಕೆ ಬಂಧನ ಕಾನೂನುಬಾಹಿರ ಆಗುವುದಿಲ್ಲ; ಅದರಿಂದ ಆರೋಪಿಗೆ ನಿಜವಾಗಿ ತೊಂದರೆ ಆಯಿತು ಅಂತ ತೋರಿಸಬೇಕು ಅಂತ. ಇವರಿಗೆ ವಕೀಲರಿದ್ದರು, ಯಾಕೆ ಬಂಧನ ಅಂತ ಗೊತ್ತಿತ್ತು, ಹಾಗಾಗಿ ತೊಂದರೆಯೇನೂ ಆಗಿಲ್ಲ ಅಂತ.

ಆ ಕೇಸಿನ ಮಟ್ಟಿಗೆ ಇದು ಸರಿಯೇ ಇರಬಹುದು. ದೊಡ್ಡ ವಕೀಲರ ಪಡೆ ಇರುವ ನಟನಿಗೆ ಒಂದು ಹಾಳೆ ತಡವಾಗಿ ಸಿಕ್ಕರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಕಾನೂನು ಒಬ್ಬ ನಟನಿಗೆ ಅಂತ ಇರುವುದಿಲ್ಲವಲ್ಲ. ಅದೇ ಅಳತೆಗೋಲನ್ನು ಬಸವರಾಜನಿಗೆ ಹಿಡಿಯಿರಿ. 'ನನಗೆ ತೊಂದರೆ ಆಯಿತು' ಅಂತ ಅವನು ತೋರಿಸಬೇಕು. ಯಾರಿಗೆ? ಹೇಗೆ? ಹಾಳೆ ಸಿಗದಿದ್ದುದರಿಂದ ತಾನು ಹೇಳಲಾಗದೆ ಹೋದ ಮಾತು ಯಾವುದು ಅಂತ ತಿಳಿಯಲು ಮೊದಲು ಹಾಳೆ ಸಿಗಬೇಕಲ್ಲವೇ? ಫೆಬ್ರವರಿಯಲ್ಲಿ ಸಾಬೀತಿನ ಹೊರೆ ಪೊಲೀಸರ ಹೆಗಲ ಮೇಲಿತ್ತು. ಆಗಸ್ಟ್ ಹೊತ್ತಿಗೆ ಅದರಲ್ಲಿ ಅರ್ಧ ಭಾರ ಲಾಕಪ್‌ನಲ್ಲಿ ಕೂತವನ ಹೆಗಲಿಗೆ ಜಾರಿತು.

ಜಾರಿದ್ದು ಬಹಳ ದಿನ ಹಾಗೇ ಇರಲಿಲ್ಲ. 2025ರ ನವೆಂಬರ್ 6ರಂದು ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಎ.ಜಿ. ಮಸೀಹ್ ಅವರ ಪೀಠ ಇನ್ನೊಂದು ತೀರ್ಪು ಕೊಟ್ಟಿತು. ಮುಂಬೈನ ವರ್ಲಿಯಲ್ಲಿ 2024ರ ಜುಲೈನಲ್ಲಿ ಬಿಎಂಡಬ್ಲ್ಯೂ ಕಾರು ಸ್ಕೂಟರ್‌ಗೆ ಗುದ್ದಿ ಮಹಿಳೆಯೊಬ್ಬರು ಸತ್ತ ಪ್ರಕರಣ ಅದು. ಜನರ ಸಿಟ್ಟು ಹೇಗಿತ್ತು ಅಂತ ನೆನಪಿರಬಹುದು. ತಾನೇನು ಮಾಡಿದ್ದೇನೆ ಅಂತ ಅವನಿಗೇ ಗೊತ್ತಲ್ಲ, ಬರೆದು ಬೇರೆ ಕೊಡಬೇಕಾ ಅನ್ನುವ ವಾದ ಬಾಂಬೆ ಹೈಕೋರ್ಟಿನಲ್ಲಿ ನಡೆದಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಆ ತೀರ್ಪಿನ ಪ್ರಕಾರ ಯಾವ ಕಾಯ್ದೆಯ ಯಾವ ಅಪರಾಧವೇ ಆಗಲಿ, ಬಂಧನದ ಆಧಾರಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕಣ್ಣೆದುರೇ ಚಾಕು ಹಾಕುತ್ತಿರುವವನನ್ನು ಹಿಡಿಯುವಾಗ 'ಸ್ವಲ್ಪ ತಡಿ, ಬರೆದು ಕೊಡ್ತೀನಿ' ಅನ್ನಲಾಗದು, ಅದು ಕೋರ್ಟಿಗೂ ಗೊತ್ತು. ಅಂಥ ಕಡೆ ಆಗ ಬಾಯಲ್ಲಿ ಹೇಳಿ, ಆಮೇಲೆ ಬರೆದು ಕೊಡಿ. ಆ 'ಆಮೇಲೆ'ಗೆ ಒಂದು ಗಡಿ ಇದೆ. ಮ್ಯಾಜಿಸ್ಟ್ರೇಟ್ ಮುಂದೆ ರಿಮ್ಯಾಂಡ್‌ಗೆ ಹಾಜರುಪಡಿಸುವುದಕ್ಕೆ ಕನಿಷ್ಠ 2 ಗಂಟೆ ಮೊದಲು ಹಾಳೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಂಧನವೂ ಕಾನೂನುಬಾಹಿರ, ರಿಮ್ಯಾಂಡೂ ಕಾನೂನುಬಾಹಿರ, ಅವನನ್ನು ಬಿಡಬೇಕು. 'ಏನು ತೊಂದರೆ ಆಯಿತು ತೋರಿಸು' ಅನ್ನುವ ಷರತ್ತು ಆ ಸಾಲಿನಲ್ಲಿ ಇಲ್ಲ. ಇನ್ನು ಮುಂದಿನ ಬಂಧನಗಳಿಗೆ ಇದು ಅನ್ವಯ ಅಂತಲೂ ಹೇಳಿದ್ದಾರೆ. ಹಳೆಯ ಕೇಸುಗಳನ್ನೆಲ್ಲ ಕೆದಕಲು ಹೋಗಿಲ್ಲ.

ಬಿಟ್ಟ ಮೇಲೆ ಕಥೆ ಮುಗಿಯಿತಾ? ಇಲ್ಲ. ಟಿವಿಯವರು ಇದನ್ನು ಹೇಳುವುದೇ ಇಲ್ಲ. ಪೊಲೀಸರು ಆಧಾರಗಳನ್ನು ಬರೆದು ಕೊಟ್ಟು, ತಡ ಯಾಕಾಯಿತು, ಕಸ್ಟಡಿ ಯಾಕೆ ಬೇಕು ಅಂತ ವಿವರಿಸಿ ಮತ್ತೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಮ್ಯಾಜಿಸ್ಟ್ರೇಟ್ ಸಾಧ್ಯವಾದರೆ ಒಂದು ವಾರದೊಳಗೆ ತೀರ್ಮಾನ ಮಾಡಬೇಕು. ಕೇಸು ಎಲ್ಲೂ ಹೋಗುವುದಿಲ್ಲ, ತನಿಖೆ ನಿಲ್ಲುವುದಿಲ್ಲ. ವರ್ಲಿ ಪ್ರಕರಣದ ಆರೋಪಿಯೇ ಇದಕ್ಕೆ ಸಾಕ್ಷಿ. ಅವನ ಹೆಸರಿನ ಕೇಸಿನಿಂದ ದೇಶಕ್ಕೆಲ್ಲ ಒಂದು ಹಕ್ಕು ಸಿಕ್ಕಿತು, ಅವನಿಗೆ ಜಾಮೀನು ಸಿಗಲಿಲ್ಲ. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಅವನಿಗೆ ಜಾಮೀನು ಕೊಡಲು ಒಪ್ಪಲಿಲ್ಲ. 'ಒಂದು ಪೇಪರ್ ಇಲ್ಲ ಅಂತ ಕೊಲೆಗಡುಕರನ್ನು ಬಿಟ್ಟುಬಿಡ್ತಾರೆ' ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ತೊಡಕು ಪೂರ್ತಿ ಬಿಡಿಸಿಲ್ಲ ಅನ್ನುವುದನ್ನೂ ಹೇಳಬೇಕು. ಆಧಾರ ತಿಳಿಸುವ ಬಗ್ಗೆ ನಾನು ಹೇಳಿದ ಐದೂ ತೀರ್ಪು ಇಬ್ಬರು ನ್ಯಾಯಮೂರ್ತಿಗಳ ಪೀಠದವು. ತೂಕದಲ್ಲಿ ಒಂದಕ್ಕೊಂದು ಸಮ. ಸರ್ಕಾರಿ ವಕೀಲರು ಆಗಸ್ಟ್ ತೀರ್ಪನ್ನು ಹಿಡಿದು ನಿಲ್ಲಬಹುದು, ಆರೋಪಿ ಪರ ವಕೀಲರು ನವೆಂಬರ್ ತೀರ್ಪನ್ನು. ನಡುವೆ ಸಿಕ್ಕಿಕೊಳ್ಳುವುದು ತಾಲೂಕು ಕೋರ್ಟಿನ ಮ್ಯಾಜಿಸ್ಟ್ರೇಟ್, ಅದೂ ಭಾನುವಾರ ಸಂಜೆ ಮನೆ ವರಾಂಡದಲ್ಲಿ ಕೂತು ಆದೇಶ ಬರೆಯಬೇಕಾದವರು.

ಈಗ ಭಾಷೆಯ ಮಾತು. ಬಂಧಿತನಿಗೆ ಅರ್ಥವಾಗುವ ಭಾಷೆ ಅನ್ನುವುದು ಹೊಸ ಕಲ್ಪನೆ ಏನಲ್ಲ. 1962ರಲ್ಲೇ ಮುನ್ನೆಚ್ಚರಿಕೆ ಬಂಧನದ, ಅಂದರೆ ಮುಂದೆ ತಪ್ಪು ಮಾಡಬಹುದು ಅಂತ ಮೊದಲೇ ಹಿಡಿದಿಡುವ ಬಂಧನದ, ಒಂದು ಕೇಸು ಮಹಾರಾಷ್ಟ್ರದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಂಧಿತನಿಗೆ ಆಧಾರಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ನನಗೆ ಇಂಗ್ಲಿಷ್ ಬರಲ್ಲ, ಹಿಂದಿಯಲ್ಲಿ ಕೊಡಿ ಅಂದ. ಆಡಳಿತ ಭಾಷೆ ಇಂಗ್ಲಿಷೇ, ಕೊಡುವುದಿಲ್ಲ ಅಂದರು. ಕೋರ್ಟ್ ಅವನನ್ನು ಬಿಡಿಸಿತು. ಆಮೇಲೆ ಇನ್ನೊಂದು ಕೇಸು. ಇನ್ಸ್‌ಪೆಕ್ಟರ್ ಗುಜರಾತಿಯಲ್ಲಿ ಬಾಯಿಮಾತಿನಲ್ಲಿ ವಿವರಿಸಿದ್ದೆ ಅಂದರು. ಬಾಯಿಮಾತು ಸಾಲದು, ಅವನ ಭಾಷೆಯಲ್ಲಿ ಬರಹ ಬೇಕು ಅಂದಿತು ಕೋರ್ಟ್. ಮುನ್ನೆಚ್ಚರಿಕೆ ಬಂಧನಕ್ಕೆ ಇದ್ದ ಈ ರಕ್ಷಣೆ ಸಾಮಾನ್ಯ ಬಂಧನಕ್ಕೆ ಬರಲು ಇಷ್ಟು ದಶಕ ಬೇಕಾಯಿತು.

ಕನ್ನಡಿಗರಿಗೆ ಇದು ಎರಡೂ ಕಡೆಯಿಂದ ತಟ್ಟುತ್ತದೆ. ಬಾಗಲಕೋಟೆ, ವಿಜಯಪುರ, ಗದಗದಿಂದ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋದವರಿದ್ದಾರೆ. ಮುಂಬೈ ಹೋಟೆಲುಗಳಲ್ಲಿ ಕರಾವಳಿಯ ಹುಡುಗರಿದ್ದಾರೆ. ಅಲ್ಲಿ ಹಿಡಿದರೆ ಕೈಗೆ ಬರುವ ಹಾಳೆ ಮರಾಠಿಯಲ್ಲಿದ್ದರೆ, ಇಂಗ್ಲಿಷಿನಲ್ಲಿದ್ದರೆ, ನನಗೆ ಕನ್ನಡದಲ್ಲಿ ಬೇಕು ಅಂತ ಕೇಳುವ ಹಕ್ಕು ಈಗ ಅವರಿಗಿದೆ. ನಾವು ಇಲ್ಲಿ ಕನ್ನಡದ ಹಕ್ಕಿನ ಬಗ್ಗೆ ಮಾತಾಡುವಾಗ ಇದನ್ನು ಯಾರೂ ಎತ್ತುವುದಿಲ್ಲ ನೋಡಿ. ಇನ್ನೊಂದು ಕಡೆ, ಬೆಂಗಳೂರಿನ ಹೊರವಲಯದ ಠಾಣೆಯಲ್ಲಿ ಒಡಿಶಾದ, ಅಸ್ಸಾಮಿನ, ಬಂಗಾಳದ ಕೂಲಿಯವನನ್ನು ಕೂರಿಸಿಕೊಂಡು ನಮ್ಮವರು ಕನ್ನಡದಲ್ಲಿ ಹಾಳೆ ಬರೆದು ಹೆಬ್ಬೆಟ್ಟು ಒತ್ತಿಸಿದರೆ ಅದು ಕೊಟ್ಟ ಹಾಗಲ್ಲ. ರಾತ್ರಿ ಹನ್ನೊಂದಕ್ಕೆ ಒಡಿಯಾ ಬರೆಯುವವರನ್ನು ಎಲ್ಲಿಂದ ತರುವುದು ಅನ್ನುವುದು ಠಾಣೆಯವರ ನಿಜವಾದ ಕಷ್ಟ. ಅದಕ್ಕೆ ಒಬ್ಬೊಬ್ಬ ಪಿಎಸ್‌ಐ ಉತ್ತರ ಹುಡುಕಲಾಗದು, ಜಿಲ್ಲೆಗೆ ಒಂದು ಅನುವಾದಕರ ವ್ಯವಸ್ಥೆಯಾದರೂ ಬೇಕು.

ಓದಲೇ ಬಾರದವರ ಕಥೆ? ಓದಿ ಹೇಳಿ, ಹಾಳೆಯನ್ನೂ ಕೊಡಿ. ಹಾಳೆ ಬರೀ ಅವನಿಗಲ್ಲ. ಅದು ಅವನ ತಂಗಿ ಓದಲು, ಊರಿನ ಮೇಷ್ಟ್ರು ಓದಲು, ಮುಖ್ಯವಾಗಿ ವಕೀಲರು ಓದಲು. ಹೊರಗಿರುವವರಿಗೂ ಆಧಾರ ತಿಳಿದರೇನೇ ಅವರು ಬಂಧಿತನಿಗಾಗಿ ಓಡಾಡಬಹುದು ಅನ್ನುವುದನ್ನು ಕೋಟೀಶ್ವರ್ ಸಿಂಗ್ ಅವರು ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ಹೇಳಿದ್ದಾರೆ.

2 ಗಂಟೆ ಯಾರಿಗಾಗಿ ಅಂತ ಕೇಳಿದರೆ, ಆ ವಕೀಲರಿಗಾಗಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನೂರಕ್ಕೆ ಸುಮಾರು ಎಪ್ಪತ್ತಾರು. ಇವರಲ್ಲಿ ಎಷ್ಟೋ ಜನರಿಗೆ ಮೊದಲ ದಿನ ನಿಲ್ಲುವುದು ಕಾನೂನು ಸೇವಾ ಪ್ರಾಧಿಕಾರದ ರಿಮ್ಯಾಂಡ್ ವಕೀಲರು. ಅವರು ಕಕ್ಷಿದಾರನನ್ನು ಮೊದಲ ಸಲ ನೋಡುವುದೇ ಕೋರ್ಟಿನ ಕಟಕಟೆ ಹತ್ತಿರ, ಹೆಸರು ಕೂಗಿದ ಮೇಲೆ. 'ಏನಪ್ಪಾ, ಏನಾಯ್ತು?' ಅಂತ ಕೇಳಿ ಉತ್ತರ ಬರುವಷ್ಟರಲ್ಲಿ 'ಜೆ.ಸಿ.' ಆಗಿರುತ್ತದೆ, ಅಂದರೆ ನ್ಯಾಯಾಂಗ ಬಂಧನ. ಒಂದು ಹಾಳೆ, 2 ಗಂಟೆ ಮೊದಲೇ ಅವರ ಕೈಗೆ ಬಂದರೆ ಬಸ್ ಟಿಕೆಟ್ಟಿನ ವಿಷಯ ಕೋರ್ಟಿಗೆ ತಲುಪುತ್ತದೆ. ಮನೆಯವರು 15100ಕ್ಕೆ ಫೋನ್ ಮಾಡಿದರೆ ಉಚಿತ ಕಾನೂನು ನೆರವು ಕೇಳಬಹುದು ಅನ್ನುವುದು ಕೂಡ ಠಾಣೆ ಗೋಡೆಯ ಬೋರ್ಡಿನಿಂದ ಕೆಳಗಿಳಿದು ಜನರ ಬಾಯಿಗೆ ಬಂದಿಲ್ಲ.

ಪೊಲೀಸರ ಕಡೆಯ ಮಾತನ್ನೂ ಕೇಳಬೇಕು. ಠಾಣೆಯ ರೈಟರ್ ಒಬ್ಬರ ಮೇಜು ನೋಡಿದವರಿಗೆ ಗೊತ್ತು. ಎಫ್‌ಐಆರ್, ಮಹಜರು, ಅರೆಸ್ಟ್ ಮೆಮೊ, ಮೆಡಿಕಲ್‌ಗೆ ಪತ್ರ, ಮನೆಯವರಿಗೆ ತಿಳಿಸಿದ್ದಕ್ಕೆ ಸಹಿ, ರಿಮ್ಯಾಂಡ್ ಅರ್ಜಿ, ಕೇಸ್ ಡೈರಿ. ಅದರ ಮೇಲೆ ಇನ್ನೊಂದು ಹಾಳೆ ಅಂದರೆ ಗೊಣಗುವುದು ಸಹಜ. ಆದರೆ ಯೋಚನೆ ಮಾಡಿ. ಈ ಹಾಳೆಯಲ್ಲಿ ಇರಬೇಕಾದ್ದೆಲ್ಲ ರಿಮ್ಯಾಂಡ್ ಅರ್ಜಿಯಲ್ಲಿ ಹೇಗೂ ಬರೆಯಲೇಬೇಕು. ಯಾವ ತಾರೀಕು, ಯಾವ ಜಾಗ, ಯಾರು ನೋಡಿದರು, ಏನು ಸಿಕ್ಕಿತು. ಹೊಸ ಕೆಲಸ ಅನ್ನುವುದಕ್ಕಿಂತ ಇರುವ ಕೆಲಸವನ್ನೇ ಎರಡು ಗಂಟೆ ಮೊದಲು ಮಾಡುವುದು ಅಷ್ಟೇ. ಬರೆಯಲು ಏನೂ ತೋಚದಿದ್ದರೆ? ಹಾಗಾದರೆ ಹಿಡಿದಿದ್ದೇ ಬೇಗ ಆಯಿತು ಅಂತ.

ನನ್ನ ಭಯ ಇರುವುದು ಬೇರೆ ಕಡೆ. ಹಾಳೆ ಕಡ್ಡಾಯ ಆದ ಮೇಲೆ ಹಾಳೆ ಬರುತ್ತದೆ, ಅನುಮಾನ ಬೇಡ. ಕಂಪ್ಯೂಟರಿನಲ್ಲಿ ಒಂದು ನಮೂನೆ ಇಟ್ಟುಕೊಂಡು ಹೆಸರು, ಅಪರಾಧ ಸಂಖ್ಯೆ ಬದಲಿಸಿ ಪ್ರಿಂಟ್ ತೆಗೆಯುತ್ತಾರೆ. 'ಸದರಿ ಆರೋಪಿಯು' ಅಂತ ಶುರುವಾಗುವ ಬಸವರಾಜನ ಮೊದಲ ಹಾಳೆಯೇ 'ಬಂಧನದ ಆಧಾರಗಳು' ಅನ್ನುವ ಹೊಸ ತಲೆಬರಹ ಹಾಕಿಕೊಂಡು ಬರುತ್ತದೆ. ಹತ್ತು ಆರೋಪಿಗಳಿದ್ದರೆ ಹತ್ತೂ ಹಾಳೆ ಒಂದೇ. ಪುರ್ಕಾಯಸ್ಥ ತೀರ್ಪು ಹೇಳಿದ್ದು ಸರಿಯಾಗಿ ಇದರ ವಿರುದ್ಧ. ಆಧಾರ ಅನ್ನುವುದು ಆ ವ್ಯಕ್ತಿಗೇ ಸೇರಿದ್ದಾಗಿರಬೇಕು. ಇದನ್ನು ಹಿಡಿಯುವ ಜಾಗ ಮ್ಯಾಜಿಸ್ಟ್ರೇಟ್ ಮೇಜು ಒಂದೇ. ಅಲ್ಲಿ ಹಾಳೆ ಇದೆಯಾ ಅಂತ ನೋಡಿ ಟಿಕ್ ಹಾಕುತ್ತಾರೋ, ಓದುತ್ತಾರೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇನ್ನೊಂದು ಸೋರುವ ಜಾಗ ಗಡಿಯಾರ. 24 ಗಂಟೆ ಶುರುವಾಗುವುದು ಯಾವಾಗ? ಮೆಮೊದಲ್ಲಿ ಬರೆದ ಹೊತ್ತಿನಿಂದಲಾ, ಮನೆಯಿಂದ ಎತ್ತಿಕೊಂಡು ಹೋದ ಹೊತ್ತಿನಿಂದಲಾ? 'ಬರೀ ವಿಚಾರಣೆಗೆ ಕರೆದಿದ್ದೀವಿ' ಅಂತ ಎರಡು ರಾತ್ರಿ ಕೂರಿಸಿ, ಮೂರನೆ ದಿನ ಬೆಳಿಗ್ಗೆ ದಸ್ತಗಿರಿ ತೋರಿಸುವುದು ಎಷ್ಟು ಹಳೆಯ ವಿದ್ಯೆ ಅಂತ ಎಲ್ಲರಿಗೂ ಗೊತ್ತು. 2025ರ ಜನವರಿಯಲ್ಲಿ ಇ.ಡಿ.ಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಲೆಕ್ಕವನ್ನು ಬಿಡಿಸಿತು. 2022ರ ಮಾರ್ಚ್ 5ರ ಬೆಳಿಗ್ಗೆ 11ಕ್ಕೆ ದೆಹಲಿ ವಿಮಾನ ನಿಲ್ದಾಣದಲ್ಲಿ ಒಬ್ಬನನ್ನು ಇ.ಡಿ. ವಶಕ್ಕೆ ತೆಗೆದುಕೊಂಡಿತ್ತು. ಬಂಧನ ಅಂತ ಬರೆದದ್ದು ಆ ರಾತ್ರಿ 1-15ಕ್ಕೆ. ಕೋರ್ಟಿಗೆ ತಂದದ್ದು 6ರ ಮಧ್ಯಾಹ್ನ 3ಕ್ಕೆ. ಕಾಗದದ ಪ್ರಕಾರ ಹದಿನಾಲ್ಕು ಗಂಟೆಯೂ ಇಲ್ಲ, ನಿಜದಲ್ಲಿ 28 ಗಂಟೆ. ಕೋರ್ಟ್ ನಿಜದ ಲೆಕ್ಕ ಹಿಡಿದು ಬಂಧನ ಅಕ್ರಮ ಅಂದಿತು. ಹಾಳೆಗೂ ಇದೇ ಕಾಯಿಲೆ ಬರಬಹುದು. 2 ಗಂಟೆ ಮೊದಲು ಕೊಟ್ಟರಾ, ಕೋರ್ಟಿನ ಮೆಟ್ಟಿಲ ಮೇಲೆ ಕೊಟ್ಟರಾ? ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು ಕನಿಷ್ಠ ಒಂದು ವರ್ಷ ಇಡಬೇಕು ಅಂತ 2020ರಲ್ಲೇ ಆದೇಶ ಆಗಿದೆ. ಕ್ಯಾಮೆರಾ ಕೆಲಸ ಮಾಡುತ್ತಿದ್ದರೆ ಈ ಜಗಳಕ್ಕೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಕ್ರಿಮಿನಲ್ ಕೇಸು ನಡೆಸುವ ಗೆಳೆಯನೊಬ್ಬ ಇತ್ತೀಚೆಗೆ ಅಂಥದೊಂದು ಹಾಳೆಯನ್ನು ಮೊಬೈಲಿನಲ್ಲಿ ತೋರಿಸಿದ. ಯಾವ ಠಾಣೆ ಅನ್ನುವುದು ಬೇಡ. ತಲೆಬರಹ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಎರಡು ಪ್ಯಾರಾ, ಪರವಾಗಿಲ್ಲ, ಘಟನೆಯ ತಾರೀಕು ಜಾಗ ಎಲ್ಲ ಬರೆದಿದ್ದರು. ಕೊನೆಯಲ್ಲಿ 'ಮೇಲ್ಕಂಡ ವಿವರಗಳನ್ನು ನನಗೆ ಓದಿ ಹೇಳಿ ಪ್ರತಿ ನೀಡಿರುತ್ತಾರೆ' ಅಂತ ಟೈಪ್ ಆಗಿತ್ತು. ಅದರ ಕೆಳಗೆ ವಂಕಿವಂಕಿಯಾದ ಸಹಿ. ಸಹಿಯ ಪಕ್ಕ ದಿನಾಂಕದ ಜಾಗದಲ್ಲಿ ದಿನಾಂಕ ಇತ್ತು. ಅದರ ಪಕ್ಕ 'ಸಮಯ' ಅಂತ ಇತ್ತು, ಮುಂದೆ ಚುಕ್ಕೆ ಗೆರೆ. ಅಲ್ಲಿ ಏನೂ ಬರೆದಿರಲಿಲ್ಲ.

'ಇದನ್ನ ಆಮೇಲೆ ತುಂಬಿಸ್ತಾರೆ' ಅಂದ. 'ಅದಕ್ಕೇ ಮೊದಲೇ ಫೋಟೊ ತಗೊಂಡೆ.'